ಮರುಭೂಮಿಯ ನೆರೆಯಲ್ಲಿ ನನ್ನ ಸಾರಥ್ಯ

ಅಬುಧಾಬಿಯಲ್ಲಿ ವರ್ಷಕ್ಕೆ ನಾಲ್ಕು ದಿನ ಮಳೆ ಬಂದರೆ ಹೆಚ್ಚು. ಆ ನಾಲ್ಕು ದಿನವೂ ಅದು ನಾನು ಕಾರು ಹೊರಗೆ ತೆಗೆಯುವುದನ್ನೇ ಕಾದು ಕೂತಿರುತ್ತದೆ ಎಂದು ನನ್ನ ಹೆಂಡತಿಯ ವಾದ. ನನ್ನ ವಾದ ಬೇರೆ. ಇಂಥ ಪ್ರಸಂಗಗಳು ಯೋಗ್ಯತೆ ನೋಡಿ ಮನುಷ್ಯನನ್ನು ಹುಡುಕಿಕೊಂಡು ಬರುತ್ತವೆ. ಸಿಕ್ಕಸಿಕ್ಕವರಿಗೆಲ್ಲ ಆಗುವುದಿಲ್ಲ.

ಯೋಗ್ಯತೆ ಎಂಥದ್ದು ಎಂದು ನೀವು ಕೇಳಬಹುದು. ನಾನು ದಕ್ಷಿಣ ಕನ್ನಡದವನು. ವರ್ಷದಲ್ಲಿ ನಾಲ್ಕು ತಿಂಗಳು ನೆತ್ತಿಯ ಮೇಲೆ ನೀರು ಸುರಿಸಿಕೊಂಡೇ ಬೆಳೆದವನು. ಈ ದೇಶಕ್ಕೆ ಬಂದು ಇಪ್ಪತ್ತೇಳು ವರ್ಷ. ಮನೆ ಬನಿಯಾಸ್‌ನಲ್ಲಿ, ಆಫೀಸು ಹಮ್ದಾನ್ ಸ್ಟ್ರೀಟಿನಲ್ಲಿ, ನಡುವೆ ದಿನಾ ಹೋಗಿ ಬರುವ ಹೆದ್ದಾರಿ. ಇಲ್ಲಿಯ ಡ್ರೈವಿಂಗ್ ಲೈಸೆನ್ಸ್ ನನಗೆ ಸಿಕ್ಕಿದ್ದು ಎಂಟನೆಯ ಸಲಕ್ಕೆ. ಅಂದರೆ ಬೇರೆಯವರು ಒಂದು ಸಲ ಕಲಿತದ್ದನ್ನು ನಾನು ಎಂಟು ಸಲ ಕಲಿತಿದ್ದೇನೆ. ನನ್ನ ಮಗಳು ಮೊದಲನೇ ಸಲಕ್ಕೇ ಪಾಸಾದಳು. ಪಾಪ, ಹುಡುಗಿಗೆ ಅಷ್ಟೇ ಕಲಿಯಲು ಸಿಕ್ಕಿದ್ದು.

೧. ಬಾವ ಅಳೆದ ಆಳ

ಹೆಂಡತಿಯ ಅಣ್ಣ, ಅಂದರೆ ನನ್ನ ಬಾವ, ವಿಸಿಟ್ ವೀಸಾದಲ್ಲಿ ಬಂದಿದ್ದರು. ಊರಲ್ಲಿ ಎರಡು ಸಲ ಪಂಚಾಯತ್ ಮೆಂಬರ್ ಆದವರು. ಕಾನೂನು ಎಂದರೆ ಕೈಮುಗಿಯುವ ಮನುಷ್ಯ. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ನಾನು ಅವರಿಗೆ ಈ ದೇಶದ ನಿಯಮಗಳನ್ನೆಲ್ಲ ಬೋಧಿಸಿದ್ದೆ. ಕಸ ಬಿಸಾಡಿದರೆ ಫೈನ್. ಸಿಕ್ಕಲ್ಲಿ ರಸ್ತೆ ದಾಟಿದರೆ ಫೈನ್. ರಸ್ತೆಯ ಮೇಲೆ ನಡೆದರೆ ಫೈನ್. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ, ಒಳ್ಳೆಯ ದೇಶ ಎಂದಿದ್ದರು.

ಮೂರನೇ ದಿನ ಬೆಳಿಗ್ಗೆ ಮಳೆ ಶುರುವಾಯಿತು. ಮಧ್ಯಾಹ್ನ ಗೆಳೆಯರೊಬ್ಬರ ಮನೆಯಲ್ಲಿ ಊಟ. ಹೆಂಡತಿ ಕೋಳಿ ಸುಕ್ಕ ಮಾಡಿ, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಗಳು. ನನ್ನ ಪಕ್ಕದಲ್ಲಿ ಬಾವ.

ಇಲ್ಲಿಯ ಮಳೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮೂರಿನ ಮಳೆ ಓಡುತ್ತದೆ; ಗುಡ್ಡ ಇಳಿದು, ತೋಡು ಹಿಡಿದು, ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಇಲ್ಲಿಯ ಮಳೆಗೆ ಹೋಗಲು ಜಾಗವೇ ಇಲ್ಲ. ಬಂದ ನೆಂಟರ ಹಾಗೆ ಬಿದ್ದಲ್ಲೇ ಕೂರುತ್ತದೆ. ಮುನ್ಸಿಪಾಲಿಟಿಯ ಟ್ಯಾಂಕರ್ ಬಂದು ಹೀರಿಕೊಂಡು ಹೋಗುವ ತನಕ ಏಳುವುದಿಲ್ಲ. ಬನಿಯಾಸ್‌ನ ಒಳರಸ್ತೆಯೊಂದರಲ್ಲಿ ಹಾಗೆ ಕೂತಿದ್ದ ನೀರು ನಮಗೆ ಅಡ್ಡ ಸಿಕ್ಕಿತು. ಚಹಾದ ಬಣ್ಣ. ತಳ ಕಾಣುವುದಿಲ್ಲ.

ಮಗಳು, ಪಪ್ಪ, ಬೇರೆ ರೋಡಲ್ಲಿ ಹೋಗುವ ಎಂದಳು. ನಾನು ನಕ್ಕೆ. ರಸ್ತೆ ಮೇಲೆ ನೀರು ಹರಿದರೆ ನಮ್ಮೂರಿನಲ್ಲಿ ಏನು ಮಾಡುತ್ತಾರೆ? ಒಬ್ಬ ಇಳಿದು ಮುಂದೆ ನಡೆಯುತ್ತಾನೆ, ಗಾಡಿ ಅವನ ಹಿಂದೆ ಬರುತ್ತದೆ. ತಲೆತಲಾಂತರದ ವಿದ್ಯೆ ಇದು. ಬಾವನನ್ನು ನೋಡಿದೆ. ಅವರು ಆಗಲೇ ಪ್ಯಾಂಟು ಮಡಚುತ್ತಿದ್ದರು.

ಬಾವ ಕೊಡೆ ಬಿಡಿಸಿಕೊಂಡು ಇಳಿದರು. ನೀರು ಪಾದ ಮುಚ್ಚುವಷ್ಟೇ. ಇಪ್ಪತ್ತು ಹೆಜ್ಜೆ ಹೋದರು, ಆಗಲೂ ಪಾದದಷ್ಟೇ. ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುತ್ತಿದ್ದಾರೆ ಅನಿಸಿತು. ವಯಸ್ಸಾಯಿತು, ವಾಲುತ್ತಾರೆ ಅಂದುಕೊಂಡೆ. ಆಚೆ ತುದಿಗೆ ಹೋಗಿ ತಿರುಗಿ ನಿಂತು, ಕೊಡೆ ಎತ್ತಿ ಬನ್ನಿ ಎಂದು ಸನ್ನೆ ಮಾಡಿದರು.

ನಾನು ಶಾಸ್ತ್ರೋಕ್ತವಾಗಿಯೇ ಕಾರು ಇಳಿಸಿದೆ. ಕೆಳಗಿನ ಗೇರು, ಒಂದೇ ಸಮನೆ ಆಕ್ಸಿಲರೇಟರ್, ನಡುವೆ ನಿಲ್ಲಿಸುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ. ಐವತ್ತು ಅಡಿ ಹೋಗುವಾಗ ನೀರು ಬಾನೆಟ್ಟಿಗೆ ಬಂತು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಾಗಿಲ ಸಂದಿನಿಂದ ನೀರು ಒಳಗೆ ಬರತೊಡಗಿತು. ಹೆಂಡತಿ ಕಾಲು ಮೇಲೆತ್ತಿ, ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡಳು. ಎದುರಿಗೆ ಬಾವ ಪಾದ ಮುಳುಗುವಷ್ಟು ನೀರಿನಲ್ಲಿ ಕೊಡೆ ಹಿಡಿದು ಶಾಂತವಾಗಿ ನಿಂತಿದ್ದರು.

ಗ್ಲಾಸು ಇಳಿಸಿ, ಇದೆಂತ ಬಾವ, ನೀವು ಅಳೆದದ್ದೆಲ್ಲಿ ಎಂದು ಕೇಳಿದೆ.

"ಇಲ್ಲೇ ಬಾವ, ಫುಟ್‌ಪಾತಿನ ಮೇಲೆ. ರಸ್ತೆಯಲ್ಲಿ ನಡೆದರೆ ಫೈನ್ ಅಂತ ನೀವೇ ಹೇಳಿದ್ದಲ್ವಾ?"

ರಸ್ತೆ ಅಲ್ಲಿ ತಗ್ಗಿಗೆ ಇಳಿಯುತ್ತದೆ. ಫುಟ್‌ಪಾತ್ ಇಳಿಯದೆ ಎತ್ತರದಲ್ಲೇ ಸಾಗುತ್ತದೆ. ಅವರು ಅದರ ಮೇಲೆ, ಕಾನೂನುಬದ್ಧವಾಗಿ ಹೋಗಿದ್ದರು.

ರಿಕವರಿ ಗಾಡಿ ಬಂದು ಕಾರನ್ನು ಬೆನ್ನ ಮೇಲೆ ಹೇರಿಕೊಂಡಿತು. ಅಲ್ಲೇ, ಮಳೆಯಲ್ಲಿ ನಿಂತು, ಹೆಂಡತಿ ತೀರ್ಪು ಕೊಟ್ಟಳು: "ಇನ್ನೊಂದು ಸಲ ನಿಮ್ಮಿಂದಾಗಿ ರಿಕವರಿ ಬಂತೋ, ಕೀ ಇವಳ ಕೈಗೆ. ಆಮೇಲೆ ನೀವು ಹಿಂದಿನ ಸೀಟು."

ಮಗಳು, ಫೇರ್ ಡೀಲ್ ಪಪ್ಪ ಎಂದಳು. ಇಪ್ಪತ್ತೇಳು ವರ್ಷ ನಾನು ಕೂತು ಹದಮಾಡಿದ ಸೀಟು, ಒಂದೇ ಮಾತಿಗೆ ತೂಗುಯ್ಯಾಲೆಯ ಮೇಲೆ ಹೋಯಿತು. ಬಾವ ರಿಕವರಿ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮೆಲ್ಲನೆ ಕೇಳಿದರು:

"ಇದರಲ್ಲಿ ಕೂತರೆ ಫೈನ್ ಉಂಟಾ?"

೨. ಎದುರು ಮಾತಾಡದ ಕೇಳುಗರು

ಅದಾದ ಮೇಲೆ ನಾನು ಮಳೆ, ಮಂಜು, ಗಾಳಿ, ಧೂಳು ಎಲ್ಲದರ ಬಗ್ಗೆ ಓದಿಕೊಂಡೆ. ಓದಿದ್ದನ್ನು ಒಳಗೇ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲ.

ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಹೊತ್ತು ಮಂಜು ಬೀಳುತ್ತದೆ. ಹೆದ್ದಾರಿಯ ಬೋರ್ಡುಗಳಲ್ಲಿ ಎಂಬತ್ತು ಎಂಬ ಸಂಖ್ಯೆ ಮಿನುಗತೊಡಗಿದರೆ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ದಿನಾ ನನ್ನ ಕಾರಿನಲ್ಲಿ ಆಫೀಸಿಗೆ ಬರುವ ಇಬ್ಬರು ಸಹೋದ್ಯೋಗಿಗಳಿದ್ದಾರೆ, ಒಬ್ಬ ಉಡುಪಿಯವ, ಒಬ್ಬ ಪುತ್ತೂರಿನವ. ಹದಿನೈದು ಡಿಗ್ರಿಗೆ ಹಿಮಾಲಯ ಹತ್ತುವವರ ಹಾಗೆ ಮಂಕಿ ಕ್ಯಾಪ್ ಹಾಕಿ, ಮಫ್ಲರ್ ಸುತ್ತಿ, ಹಿಂದಿನ ಸೀಟಿನಲ್ಲಿ ಕೂತು, ಕೂತ ಕೂಡಲೇ ನಿದ್ದೆ ಹೋಗುತ್ತಾರೆ. ನಾನು ಏನಾದರೂ ಹೇಳಲು ಶುರು ಮಾಡಿದರೆ ಮಾತ್ರ ಎಚ್ಚರವಾಗುತ್ತದೆ, ಅದೂ ಅಡ್ಡ ಮಾತಾಡುವುದಕ್ಕೆ.

ಒಂದು ದಿನ ಮಂಜು ಎಷ್ಟು ದಟ್ಟವೆಂದರೆ ನನಗೆ ನನ್ನದೇ ಬಾನೆಟ್ ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿವಂತ ಏನು ಮಾಡಬೇಕು? ರಸ್ತೆಯಿಂದ ಪೂರ್ತಿ ಹೊರಗೆ ಬಂದು ಕಾಯಬೇಕು. ಪೆಟ್ರೋಲ್ ಪಂಪಿಗೆ ತಿರುಗಿಸಿದೆ. ಅಲ್ಲಿ ಆಗಲೇ ಹತ್ತು ಹನ್ನೆರಡು ಬುದ್ಧಿವಂತರು ನಿಂತಿದ್ದರು. ಎಲ್ಲರೂ ಇಳಿದು ಕರಕ್ ಚಹಾ ಕುಡಿದೆವು. ಮಂಜು ಸ್ವಲ್ಪ ಹರಿದ ಮೇಲೆ ನಾನು ಬಂದು ಸ್ಟಿಯರಿಂಗಿನ ಎದುರು ಕೂತೆ. ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಕನ್ನಡಿಯಲ್ಲಿ ನೋಡಿದೆ. ಎರಡು ಮಂಕಿ ಕ್ಯಾಪುಗಳು. ಹೊರಟೆ.

ಅಂದು ನಾನು ಮಾತಾಡಿದ ಹಾಗೆ ಜನ್ಮದಲ್ಲಿ ಮಾತಾಡಿಲ್ಲ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೇಗೆ ಹೊಡೆಯುತ್ತದೆ, ಓಡುವ ಕಾರಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು ಯಾಕೆ ತಪ್ಪು, ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು, ಎಲ್ಲವನ್ನೂ ಉದಾಹರಣೆ ಸಹಿತ ವಿವರಿಸಿದೆ. ಹಿಂದಿನ ಸೀಟಿನಿಂದ ಒಂದು ಅಡ್ಡ ಮಾತಿಲ್ಲ. ಆಗಾಗ ತಲೆ ಅಲ್ಲಾಡುತ್ತಿತ್ತು. ಕೊನೆಗೂ ಇವರಿಗೆ ನನ್ನ ಬೆಲೆ ತಿಳಿಯಿತಲ್ಲ ಎಂದು ಕಣ್ಣು ತೇವವಾಯಿತು.

ಹಮ್ದಾನ್ ಸ್ಟ್ರೀಟಿನಲ್ಲಿ ನಿಲ್ಲಿಸಿ ತಿರುಗಿ ನೋಡಿದರೆ ಇಬ್ಬರು ಅಪರಿಚಿತ ಬಂಗಾಳಿಗಳು. ನನ್ನನ್ನು ಕಂಡು ಅವರೂ ಬೆಚ್ಚಿದರು. ಆಮೇಲೆ ಒಬ್ಬ ತೀರಾ ವಿನಯದಿಂದ, ಭಾಯ್ ಸಾಬ್, ಇದು ಖಾಲಿದಿಯಾ ತಾನೇ ಎಂದು ಹಿಂದಿಯಲ್ಲಿ ಕೇಳಿದ. ಪಂಪಿನಲ್ಲಿ ನಿಂತಿದ್ದ ಹನ್ನೆರಡು ಕಾರುಗಳಲ್ಲಿ ಹನ್ನೊಂದು ಬಿಳಿಯವು. ಇದು ಈ ದೇಶದ ಬಣ್ಣ, ನನ್ನ ತಪ್ಪಲ್ಲ. ಅವರನ್ನು ಖಾಲಿದಿಯಾಕ್ಕೆ ಬಿಟ್ಟು, ಆಫೀಸಿಗೆ ಓಡಿದೆ. ನನ್ನ ಇಬ್ಬರೂ ಆಗಲೇ ಬಂದು, ಕ್ಯಾಪು ತೆಗೆದು, ಕಂಪ್ಯೂಟರ್ ಎದುರು ಕೂತಿದ್ದರು.

ಬೇರೆಯವನ ಕಾರಿನಲ್ಲಿ ಕೂತದ್ದು ನಿಮಗೆ ಗೊತ್ತೇ ಆಗಲಿಲ್ಲವಾ ಎಂದು ಕೇಳಿದೆ.

"ಹತ್ತು ನಿಮಿಷದಲ್ಲೇ ಗೊತ್ತಾಯ್ತು ಮಾರಾಯ್ರೆ" ಎಂದ ಪುತ್ತೂರಿನವ. "ಕಾರಿನೊಳಗೆ ಅಷ್ಟು ನಿಶ್ಶಬ್ದ ಇತ್ತು. ಅದಕ್ಕೇ ಸುಮ್ಮನೆ ಕೂತೆವು."

೩. ಸ್ಟಾರ್ಟ್ ಮಾಡಬೇಡ

ನನ್ನ ಮಾತಿಗೆ ಬೆಲೆ ಕೊಡುವವರೂ ಇದ್ದಾರೆ, ಇಲ್ಲವೆಂದಲ್ಲ. ನಮ್ಮ ಬಿಲ್ಡಿಂಗಿನ ಕೆಳಗೆ ಬಖಾಲ, ಅಂದರೆ ದಿನಸಿ ಅಂಗಡಿ, ಇಟ್ಟಿರುವ ಬ್ಯಾರಿ ಗೆಳೆಯ ಅಂಥವನು. ಒಂದು ಮಳೆಯ ಬೆಳಿಗ್ಗೆ ಅವನ ಫೋನು ಬಂತು. ಅಣ್ಣಾ, ಗಾಡಿಯ ಚಕ್ರ ಅರ್ಧ ನೀರಿನಲ್ಲಿ ಉಂಟು, ಎಂತ ಮಾಡುವುದು?

ನೀರು ನುಗ್ಗಿದ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಒಳಗೆ ನೀರಿದ್ದು ಕೀ ತಿರುಗಿಸಿದರೆ ಎಂಜಿನ್ನೇ ಮುರಿಯುತ್ತದೆ. ಹಾಗಾಗಿ ಗಟ್ಟಿ ದನಿಯಲ್ಲಿ ಹೇಳಿದೆ: ಸ್ಟಾರ್ಟ್ ಮಾಡಬೇಡ. ಯಾರು ಏನು ಹೇಳಿದರೂ ಮಾಡಬೇಡ. ನಾನು ಹೇಳುವ ತನಕ ಕೀಯನ್ನು ಮುಟ್ಟಲೇಬೇಡ. ಅವನು, ಆಯ್ತಣ್ಣ ಎಂದ.

ಎರಡು ದಿನ ಬಿಟ್ಟು ನಾನು ರಜೆಯಲ್ಲಿ ಊರಿಗೆ ಹೋದೆ. ಎರಡು ಮದುವೆ, ಒಂದು ಗೃಹಪ್ರವೇಶ ಮುಗಿಸಿಕೊಂಡು ನಲವತ್ತು ದಿನಕ್ಕೆ ಮರಳಿ ಬಂದೆ. ಬಿಲ್ಡಿಂಗಿನ ಎದುರು ಅವನ ಗಾಡಿ ಇತ್ತು, ಮೇಲೆ ಎರಡು ಬೆರಳು ಧೂಳು, ಅದರ ಮೇಲೆ ಬೆಕ್ಕಿನ ಹೆಜ್ಜೆ. ಅವನು ಅಂಗಡಿಯ ಸಾಮಾನನ್ನು ಟ್ಯಾಕ್ಸಿಯಿಂದ ಇಳಿಸುತ್ತಿದ್ದ. ಮೆಕ್ಯಾನಿಕ್ ಬಂದು ನೋಡಿ, ಎಂಜಿನ್ನಿಗೆ ನೀರು ಹೋಗಿಯೇ ಇಲ್ಲ ಅಂದಿದ್ದನಂತೆ. ಇವನು ಕೇಳಿರಲಿಲ್ಲ.

ನನ್ನನ್ನು ಕಂಡದ್ದೇ ಅಕ್ಕಿಯ ಚೀಲ ಕೆಳಗಿಟ್ಟು ಓಡಿ ಬಂದ. ಸೌಖ್ಯವಾ ಎಂದೂ ಕೇಳಲಿಲ್ಲ.

"ಅಣ್ಣಾ, ಇನ್ನು ಸ್ಟಾರ್ಟ್ ಮಾಡ್ಬಹುದಾ?"

೪. ಹುಲಿ ಹೊದ್ದ ಕಾರು

ಒಂದು ಸಂಜೆ ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಹವಾಮಾನದ ಎಚ್ಚರಿಕೆ. ಗುಡುಗು, ಗಾಳಿ, ಆಲಿಕಲ್ಲು. ಹಿಂದಿನ ವಾರ ಅಲ್ ಐನ್ ಕಡೆ ಆಲಿಕಲ್ಲು ಬಿದ್ದು ಕಾರುಗಳ ಮೈಯೆಲ್ಲ ಗುಳಿಯಾದ ಫೋಟೋಗಳು ಬಂದಿದ್ದವು. ನನ್ನ ಕಾರಿಗೆ ಸೂರಿಲ್ಲ, ನೆರಳಿಲ್ಲ. ಆದರೆ ನನಗೆ ತಲೆ ಉಂಟಲ್ಲ.

ನಾವು ಕರಾವಳಿಯ ಗಲ್ಫಿನವರು ಊರಿಗೆ ಏನು ಕಳಿಸದಿದ್ದರೂ ಬ್ಲ್ಯಾಂಕೆಟ್ ಕಳಿಸುತ್ತೇವೆ. ವರ್ಷವಿಡೀ ಬೆವರುವ ಊರಿಗೆ ಐದಾರು ಕಿಲೋ ತೂಕದ ಬ್ಲ್ಯಾಂಕೆಟ್ ಯಾಕೆ ಎಂದು ಯಾರೂ ಕೇಳಿಲ್ಲ, ಕೇಳಲೂಬಾರದು. ನನ್ನ ತಂಗಿಯ ಮಗಳ ಮದುವೆಗೆಂದು ಹೆಂಡತಿ ಮೂರು ಬ್ಲ್ಯಾಂಕೆಟ್ ತಂದಿಟ್ಟಿದ್ದಳು. ಎರಡರ ಮೇಲೆ ಗುಲಾಬಿ, ಒಂದರ ಮೇಲೆ ಹುಲಿಯ ಮುಖ. ಅವಳು ಕ್ಲಿನಿಕ್ಕಿನ ಡ್ಯೂಟಿಯಲ್ಲಿದ್ದಾಗ ನಾನು ಮೂರನ್ನೂ ಕಾರಿಗೆ ಹೊದಿಸಿದೆ. ಹುಲಿ ಮುಂದೆ, ಗುಲಾಬಿ ಮೇಲೆ ಮತ್ತು ಹಿಂದೆ. ಗಾಳಿಗೆ ಹಾರಬಾರದೆಂದು ಊರಿಗೆ ಕಾರ್ಗೋ ಕಟ್ಟುವ ಹಗ್ಗ ತಂದು, ಕಾರಿನ ಅಡಿಯಿಂದ ಸುತ್ತಿ ಸುತ್ತಿ ಕಟ್ಟಿದೆ. ನಾನು ಹಾಕುವ ಗಂಟು ಈ ಬಿಲ್ಡಿಂಗಿನಲ್ಲಿ ಪ್ರಸಿದ್ಧ. ನಾನು ಕಟ್ಟಿದ ರಟ್ಟಿನ ಪೆಟ್ಟಿಗೆ ಸಮುದ್ರ ದಾಟಿ ಲಾರಿಯಿಂದ ಬಿದ್ದರೂ ಗಂಟು ಬಿಚ್ಚಿದ್ದಿಲ್ಲ. ಪಕ್ಕದ ಮನೆಯ ಈಜಿಪ್ಟಿನವ ಕೆಳಗೆ ಬಂದು, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, ಕಾರಿಗೆ ಜ್ವರವೇ ಎಂದು ವಿಚಾರಿಸಿದ.

ಆಲಿಕಲ್ಲು ಒಂದೂ ಬೀಳಲಿಲ್ಲ. ಮಳೆ ಮಾತ್ರ ಸುರಿಯಿತು. ಮೂರೂ ಬ್ಲ್ಯಾಂಕೆಟುಗಳು ಬನಿಯಾಸ್‌ನ ನೀರನ್ನೆಲ್ಲ ಕುಡಿದು ಎಮ್ಮೆಯಷ್ಟು ತೂಕವಾದವು. ಹಗ್ಗ ನೆನೆದು ಬಿಗಿಯಿತು. ಗಂಟುಗಳು ಕಲ್ಲಾದವು. ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಟು ನೋಡಿದರೆ ಕಾರಿನ ನಾಲ್ಕು ಬಾಗಿಲಲ್ಲಿ ಒಂದೂ ತೆರೆಯಲು ಬರುವುದಿಲ್ಲ. ಹಗ್ಗ ಕುಯ್ಯುವ ಎಂದು ಮಗಳು ಚಾಕು ತಂದಳು. ನಾನು ಬಿಡಲಿಲ್ಲ. ನನ್ನ ಗಂಟನ್ನು ಇದುವರೆಗೆ ಯಾರೂ ಕುಯ್ದಿಲ್ಲ. ಎರಡು ದಿನ ಕೂತು, ಸ್ಕ್ರೂಡ್ರೈವರ್ ಹಾಕಿ ಮೀಟಿ, ಒಂದೊಂದಾಗಿ ಬಿಚ್ಚಿದೆ. ಹೆಂಡತಿ ಎರಡು ದಿನವೂ ಟ್ಯಾಕ್ಸಿಯಲ್ಲಿ ಹೋದಳು. ರಿಕವರಿ ಬರಲಿಲ್ಲ ಎನ್ನುವುದನ್ನು ನಾನೇ ನೆನಪಿಸಬೇಕಾಯಿತು.

ಬ್ಲ್ಯಾಂಕೆಟುಗಳನ್ನು ಒಣಗಿಸಿ, ಮಡಚಿ, ನಾನೇ ಪ್ಯಾಕ್ ಮಾಡಿ ಕಳಿಸಿದೆ. ಮದುವೆಯ ಮರುವಾರ ತಂಗಿಯ ಮಗಳ ಫೋನು ಬಂತು. ಪ್ರೀತಿಯ ಹುಡುಗಿ, ಉಡುಗೊರೆಯನ್ನು ಹೊಗಳದೆ ಇರುವವಳಲ್ಲ.

"ಬ್ಲ್ಯಾಂಕೆಟ್ ಭಾರೀ ಚಂದ ಉಂಟು ಮಾವ. ಒಂದು ಮಾತ್ರ ಗೊತ್ತಾಗ್ಲಿಲ್ಲ. ಹುಲಿಯ ಹಣೆಯ ಮೇಲೆ ಅಬುಧಾಬಿಯ ನಂಬರ್ ಪ್ಲೇಟ್ ಯಾಕೆ ಅಚ್ಚಾಗಿದೆ?"

೫. ಸನ್ಮಾನ

ಹೆಸರು ಎನ್ನುವುದು ಹರಡುವುದಕ್ಕೆ ಹೆಚ್ಚು ಹೊತ್ತು ಬೇಡ. ದುಬೈಯಲ್ಲಿ ನಮ್ಮ ಊರ ಕಡೆಯವರದ್ದೊಂದು ಸಂಘ ಉಂಟು. ಅದರ ಅಧ್ಯಕ್ಷರು ಹಾರ್ಡ್‌ವೇರ್ ಅಂಗಡಿಯವರು, ಧಾರಾಳ ಮನುಷ್ಯ. ಅವರ ಫೋನು ಬಂತು. ಚಳಿಗಾಲದ ಸ್ನೇಹಕೂಟದಲ್ಲಿ "ನೀರು ಮತ್ತು ಮಂಜಿನಲ್ಲಿ ಸುರಕ್ಷಿತ ಚಾಲನೆ" ಎಂಬ ವಿಷಯದ ಮೇಲೆ ನೀವು ಮಾತಾಡಬೇಕು, ಆಮೇಲೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ. ನಾನು ಎರಡು ಸಲ ಬೇಡ ಎಂದೆ. ಮೂರನೇ ಸಲ ಅವರು ಕೇಳದೆ ಬಿಟ್ಟಾರೆಂದು ಒಪ್ಪಿಕೊಂಡೆ.

ಭಾಷಣಕ್ಕೆ ಎಂಟು ಸೂತ್ರಗಳನ್ನು ಬರೆದೆ. ಮಗಳು ಟೈಪ್ ಮಾಡಿ ಕೊಟ್ಟಳು. ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಅಂದೇ ಮಧ್ಯಾಹ್ನದಿಂದ ಮಳೆ. ನಾನು ಸೂಟು, ಹೆಂಡತಿ ರೇಷ್ಮೆ ಸೀರೆ. ಕಾರು ಹತ್ತುವಾಗ ಅವಳು ಹೇಳಿದ್ದು ಇಷ್ಟೇ: ನೆನಪಿರಲಿ. ಏನು ನೆನಪಿರಬೇಕು ಎಂದು ಮೂವರಿಗೂ ಗೊತ್ತಿತ್ತು. ಸುರಕ್ಷಿತ ಚಾಲನೆಯ ಭಾಷಣಕಾರನ ಕಾರು ರಿಕವರಿ ಗಾಡಿಯ ಮೇಲೆ ಸಭೆಗೆ ಬಂದರೆ ಶಾಲೂ ಹೋಯಿತು, ಸೀಟೂ ಹೋಯಿತು.

ಹೆದ್ದಾರಿಯಲ್ಲಿ ನಾನು ದೇವರ ಹಾಗೆ ಓಡಿಸಿದೆ. ದುಬೈ ಮುಟ್ಟಿ, ಸರ್ವಿಸ್ ರೋಡಿಗೆ ಇಳಿದು, ಸಭಾಂಗಣದ ದೀಪಗಳು ಕಾಣುವಷ್ಟು ಹತ್ತಿರ ಬಂದಾಗ ರಸ್ತೆ ಮುಗಿಯಿತು. ಎದುರಿಗೆ ನೀರು. ಆಚೆ ದಡದಲ್ಲಿ ಸಭಾಂಗಣ. ನೂರು ಮೀಟರ್ ಇರಬಹುದು. ಗಂಟೆ ನಾಲ್ಕಕ್ಕೆ ಹತ್ತು ನಿಮಿಷ.

ದಡದಲ್ಲಿ ನಿಲ್ಲಿಸಿ ಅಧ್ಯಕ್ಷರಿಗೆ ಫೋನು ಮಾಡಿ, ಬಾಗಿಲಿಗೆ ಬಂದಿದ್ದೇನೆ ಎಂದೆ. ಎದುರುಗೊಳ್ಳಲು ಬರುತ್ತೇವೆ ಎಂದರು. ನಾನು ಗೇರಿಗೆ ಕೈ ಹಾಕಿದೆ. ಮಗಳು ಪಕ್ಕದ ಸೀಟಿನಲ್ಲಿ ನನ್ನ ಭಾಷಣದ ಹಾಳೆ ತೆಗೆದು ಓದಿದಳು: "ಸೂತ್ರ ಒಂದು. ತಳ ಕಾಣದ ನೀರಿಗೆ ಕಾರು ಇಳಿಸಬೇಡಿ."

"ಅದು ಸಭಿಕರಿಗೆ ಬರೆದದ್ದು" ಎಂದೆ.

ಹಿಂದಿನ ಸೀಟಿನಿಂದ ಒಂದು ಅಂಗೈ ಮೆಲ್ಲನೆ ಮುಂದೆ ಬಂತು. ಕೀ ಇಡಬೇಕಾದ ಅಂಗೈ. ಬಳೆಗಳ ಸದ್ದಾಯಿತು. ನಾನು ಗೇರಿನಿಂದ ಕೈ ತೆಗೆದೆ. ಆದರೆ ಆಳ ಎಷ್ಟೆಂದು ತಿಳಿಯದೆ ಹಿಂದೆ ಹೋಗುವುದೂ ವಿದ್ಯೆಗೆ ಅವಮಾನ. ಎಂಜಿನ್ ಓಡುತ್ತಿರಲಿ ಎಂದು ಬಿಟ್ಟು, ಸೂಟಿನ ಪ್ಯಾಂಟು ಮಡಚಿ, ನಾನೇ ಇಳಿದೆ. ರಸ್ತೆಯ ನಟ್ಟನಡುವೆ ನಡೆದೆ. ಮೊಣಕಾಲು ಮುಳುಗಿತು. ತೊಡೆ ಮುಳುಗಿತು. ನಡುನೀರಿಗೆ ಬರುವಾಗ ಸೊಂಟದವರೆಗೆ ಬಂತು. ಅಲ್ಲಿ ನಿಂತು ತೀರ್ಮಾನಿಸಿದೆ: ಇದರಲ್ಲಿ ಯಾವ ಕಾರೂ ಹೋಗಲಿಕ್ಕಿಲ್ಲ. ಜೀವನದಲ್ಲಿ ನಾನು ತೆಗೆದುಕೊಂಡ ಅತಿ ಸರಿಯಾದ ತೀರ್ಮಾನ ಅದು ಎಂದು ಈಗಲೂ ಹೇಳುತ್ತೇನೆ.

ಹಿಂದೆ ತಿರುಗಬೇಕು, ಆಗ ಆಚೆ ದಡದಲ್ಲಿ ಅಧ್ಯಕ್ಷರ ದೊಡ್ಡ ಬಿಳಿ ಗಾಡಿ ಕಂಡಿತು. ಹಿಂದೆ ಕಾರ್ಯದರ್ಶಿಗಳದ್ದು, ಅದರ ಹಿಂದೆ ಖಜಾಂಚಿಗಳದ್ದು. ನನ್ನನ್ನು ಎದುರುಗೊಳ್ಳಲು ಬಂದಿದ್ದರು. ನಾನು ಎರಡೂ ಕೈ ಎತ್ತಿ, ಬರಬೇಡಿ ಬರಬೇಡಿ ಎಂದು ಜೋರಾಗಿ ಬೀಸಿದೆ. ಮಳೆಯ ಸದ್ದಿಗೆ ದನಿ ಮುಟ್ಟಲಿಲ್ಲ. ಕೈ ಮಾತ್ರ ಕಂಡಿತು. ನಮ್ಮೂರಿನ ಲಾರಿ ಕ್ಲೀನರುಗಳು ಎರಡೂ ಕೈ ಬೀಸಿ ಗಾಡಿಯನ್ನು ಕರೆಯುವುದನ್ನು ನೋಡುತ್ತ ಬೆಳೆದವರು ಅವರೆಲ್ಲ. ಅಧ್ಯಕ್ಷರು ಲೈಟು ಮಿನುಗಿಸಿ, ಇಳಿದೇ ಬಿಟ್ಟರು. ನಾನು ಇನ್ನೂ ಜೋರಾಗಿ ಬೀಸಿದೆ. ಉಳಿದ ಇಬ್ಬರೂ ಇಳಿದರು.

ಅಧ್ಯಕ್ಷರ ಗಾಡಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಕಾರ್ಯದರ್ಶಿಗಳದ್ದು ಅದರ ಎಡಕ್ಕೆ, ಖಜಾಂಚಿಗಳದ್ದು ಹಿಂದೆ. ಮೂರು ಎಂಜಿನ್ನುಗಳೂ ಒಂದರ ಮೇಲೊಂದು ಉಸಿರು ಬಿಟ್ಟವು. ಮೂರು ಗ್ಲಾಸುಗಳು ಇಳಿದವು. ಮೂರು ಕೋಟುಗಳು ಹೊರಗೆ ಇಣುಕಿದವು.

ನಾನು ಸೊಂಟದವರೆಗೆ ಮುಳುಗಿ ನಿಂತಿದ್ದು ನಿಮಗೆ ಕಾಣಲಿಲ್ಲವಾ ಎಂದು ಕೇಳಿದೆ.

"ಕಂಡಿತು" ಎಂದರು ಅಧ್ಯಕ್ಷರು. "ಆದರೆ ನಿಮ್ಮ ಸೊಂಟ ಅಂದರೆ ಎಷ್ಟು ಮಹಾ ಎತ್ತರ ಅಂದುಕೊಂಡೆ."

ಎದುರುಗೊಳ್ಳಲು ಬಂದವರನ್ನು ನಡುನೀರಿನಲ್ಲಿ ಬಿಟ್ಟು ಹೋಗುವುದು ಸರಿಯಲ್ಲವಲ್ಲ, ಮುಂದಿನದನ್ನು ನಾನು ನೀರಿನಲ್ಲಿ ನಿಂತೇ ನೋಡಿದೆ. ನಮ್ಮ ದಡದಲ್ಲಿ ಮಗಳು ಡ್ರೈವರ್ ಸೀಟಿಗೆ ಸರಿದು, ಕಾರನ್ನು ಮೆಲ್ಲನೆ ರಿವರ್ಸಿನಲ್ಲಿ ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿದಳು. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿದಳು. ನನ್ನ ಹಿಂದೆಯೇ ನೀರಿಗಿಳಿಯಲು ಬಂದ ಐದಾರು ಕಾರುಗಳನ್ನು, ಮಳೆಯಲ್ಲೇ ಅಡ್ಡ ನಿಂತು ವಾಪಸು ಕಳಿಸಿದಳು. ಅವಳು ಒಂದೇ ಕೈ ಎತ್ತಿದಳು, ಅಂಗೈ ಮುಂದೆ ಮಾಡಿ. ಒಬ್ಬನೂ ಇಳಿಯಲಿಲ್ಲ. ಇನ್ನೊಂದು ಕೈಯಲ್ಲಿ ರಿಕವರಿಗೆ ಫೋನು ಮಾಡುತ್ತಿದ್ದಳು.

ರಿಕವರಿಯ ಪಠಾಣ ದೊಡ್ಡ ಲಾರಿ ತಂದ, ಚಪ್ಪಟೆ ಬೆನ್ನಿನದು. ಹಿಮ್ಮುಖವಾಗಿ ನೀರಿಗಿಳಿಸಿದ. ಮೊದಲು ಮನುಷ್ಯರು, ಆಮೇಲೆ ಗಾಡಿಗಳು ಎಂದ. ನಾನು ಮುಕ್ಕಾಲು ಗಂಟೆ ನಿಂತು ಕಾಲು ಮರಗಟ್ಟಿ, ಹತ್ತಲಾರದೆ ಹೋದೆ. ಅವನು ಕಂಕುಳಿಗೆ ಕೈ ಹಾಕಿ ಅಕ್ಕಿ ಮೂಟೆಯ ಹಾಗೆ ಎತ್ತಿ ಲಾರಿಯ ಮೇಲಿಟ್ಟ. ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹತ್ತಿ ಬಂದರು. ಅಧ್ಯಕ್ಷರ ಕೈಯಲ್ಲಿ ಶಾಲಿತ್ತು, ಒಣಗಿದ್ದು. ಡ್ಯಾಶ್‌ಬೋರ್ಡಿನ ಮೇಲಿದ್ದ ಹಣ್ಣಿನ ಬುಟ್ಟಿಯೂ ಬಂತು. ಅತಿಥಿ ಇಲ್ಲೇ ಇದ್ದಾರೆ, ಸಮಿತಿ ಇಲ್ಲೇ ಉಂಟು, ವೇದಿಕೆಯೂ ಎತ್ತರದಲ್ಲಿದೆ, ಇನ್ನು ತಡ ಯಾಕೆ ಎಂದರು ಅಧ್ಯಕ್ಷರು. ತಲೆಯ ಮೇಲೆ ಹಳದಿ ದೀಪ ಗರಗರ ತಿರುಗುತ್ತಿತ್ತು. ಶಾಲು ಹೊದಿಸಿದರು. ನಾನು ಗಂಟಲು ಸರಿಮಾಡಿ, ತಳ ಕಾಣದ ನೀರಿಗೆ ಕಾರು ಇಳಿಸಬೇಡಿ ಎಂದು ಆರಂಭಿಸಿದೆ. ಮೂವರೂ ಒದ್ದೆ ಕೋಟಿನಲ್ಲಿ ಚಪ್ಪಾಳೆ ತಟ್ಟಿದರು. ಎರಡನೇ ಸೂತ್ರಕ್ಕೆ ಬರುವ ಮೊದಲೇ ಪಠಾಣ ಕೆಳಗಿನಿಂದ, ಖಲಾಸ್, ಯಲ್ಲಾ ಎಂದು ಲಾರಿ ಹೊರಡಿಸಿದ.

ದಡದಲ್ಲಿ ಹೆಂಡತಿ ನಿಂತಿದ್ದಳು. ನಾನು ಲಾರಿಯ ಮೇಲಿನಿಂದಲೇ ಸೂಚಿಸಿದೆ: ನಮ್ಮ ಕಾರಿಗೆ ಒಂದು ಹನಿ ನೀರು ಹೋಗಿಲ್ಲ, ನೋಡು. ರಿಕವರಿ ಬಂದದ್ದು ಬೇರೆಯವರ ಕಾರಿಗೆ. ನಮ್ಮ ಕಾರನ್ನು ಎತ್ತಿಯೇ ಇಲ್ಲ.

"ಕಾರನ್ನು ಎತ್ತಲಿಲ್ಲ, ಹೌದು" ಎಂದಳು ಅವಳು. "ನಿಮ್ಮನ್ನು ಎತ್ತಿತಲ್ಲ."

ನಾನು ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮಗಳು ಬನಿಯಾಸ್ ತನಕ ಓಡಿಸಿದಳು. ನೀರು ಕಂಡಲ್ಲಿ ನಿಂತಳು. ಫುಟ್‌ಪಾತಿನ ಅಂಚು ಕಾಣುತ್ತದೋ ಎಂದು ನೋಡಿದಳು. ಕಾಣದಿದ್ದಲ್ಲಿ ತಿರುಗಿಸಿದಳು, ಕಂಡಲ್ಲಿ ನಿಧಾನಕ್ಕೆ ದಾಟಿ, ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡಳು. ಅದು ನನ್ನ ಏಳನೇ ಸೂತ್ರ. ನಾನು ಬರೆದಿದ್ದೆ, ಮಾಡಿರಲಿಲ್ಲ. ಅರ್ಧ ದಾರಿಯಲ್ಲಿ ನೋಡಿದರೆ ಹೆಂಡತಿ ನಿದ್ದೆ ಹೋಗಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಕಾರಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ಮೊದಲ ಸಲ ಕಂಡದ್ದು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಸೀಟ್‌ಬೆಲ್ಟ್ ಸಡಿಲಿಸಬೇಕಾಯಿತು.

ಮನೆ ಹತ್ತಿರ ಬರುವಾಗ ಅಧ್ಯಕ್ಷರ ಫೋನು ಬಂತು. ಕಾರಿನ ಸ್ಪೀಕರಿನಲ್ಲಿ ಅವರ ದನಿ. ನಿಮ್ಮ ಮಗಳು ಇಲ್ಲದಿದ್ದರೆ ಇವತ್ತು ಅರ್ಧ ಸಂಘವೇ ನೀರಿನಲ್ಲಿ ಇರುತ್ತಿತ್ತು ಮಾರಾಯ್ರೆ, ಈ ಹುಡುಗಿಗೆ ಇಷ್ಟು ಚಂದ ಕಲಿಸಿದ್ದು ಯಾರು ಎಂದು ಕೇಳಿದರು. ನಾನು ಬುಟ್ಟಿ ಪಕ್ಕಕ್ಕಿಟ್ಟು, ಮುಂದೆ ಬಾಗಿ, ಬೇರೆ ಯಾರು, ನಾನೇ ಎಂದೆ. ಹಾಗಾದರೆ ಅದನ್ನು ನಮ್ಮ ಸದಸ್ಯರಿಗೂ ಒಂದೇ ಮಾತಿನಲ್ಲಿ ಹೇಳಿಬಿಡಿ, ಎಂಥದ್ದು ಕಲಿಸಿದ್ದು ಎಂದರು. ನಾನು ಎಂಟರಲ್ಲಿ ಯಾವ ಸೂತ್ರ ಹೇಳಲಿ ಎಂದು ಯೋಚಿಸುವಷ್ಟರಲ್ಲಿ, ಮಗಳು ರಸ್ತೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಳು.

"ಸಿಂಪಲ್, ಅಂಕಲ್. ಪಪ್ಪ ಎಲ್ಲಿ ನಿಂತಿದ್ದಾರೋ, ಅಲ್ಲಿಗೆ ಕಾರು ತರಬಾರದು."